ದೇಸಿ ಗಿಡ ಹಚ್ಚಿ ಮೂರು ವರ್ಷವಾಯಿತು, ಜೀವವೈವಿಧ್ಯ ಹೆಚ್ಚಾಗಿದೆ ಅಂತ ಅಳೆದು ತೋರಿಸೋದು ಹೇಗೆ?

ನೀವು ಬೀಳಗಿ ಕಡೆಯ ಐದೆಕರೆ ಮಡ್ಡಿ (ಕಲ್ಲು-ಕುರುಚಲಿನ ಒಣ ನೆಲ) ಅಂದಿದ್ದೀರಿ, ನಮ್ಮದು ಹುನಗುಂದದ ಕಡೆ ಏಳೆಕರೆ. ಉಳಿದದ್ದೆಲ್ಲ ನನ್ನದೇ ಕಥೆ. "ಯಾವ ಸೂಚ್ಯಂಕ ಬಳಸಲಿ?" ಅಂತ ನಾನೂ ಸಿಕ್ಕಸಿಕ್ಕವರನ್ನು ಕೇಳಿದ್ದೆ.

2021ರ ಮುಂಗಾರಿಗೆ ನಾಲ್ಕು ಜನ ಗೆಳೆಯರು ಸೇರಿ ಕಮರ, ಬನ್ನಿ, ಬೇವು, ಮುತ್ತಲ, ಬಾರಿ ಹಚ್ಚಿದೆವು. ಟ್ಯಾಂಕರ್ ನೀರು, ಆಡಿನ ಕಾಟ ನಿಮಗೂ ಗೊತ್ತು, ಬಿಡಿ. ಮೊದಲ ಎಣಿಕೆ ಮಾಡಿದ್ದು 2023ರ ಅಕ್ಟೋಬರ್‌ನಲ್ಲಿ, ಎರಡನೆಯದು ಮರುವರ್ಷ ಅದೇ ತಿಂಗಳು. ಹುಲ್ಲು-ಗಿಡ, ಚಿಟ್ಟೆ, ಹಕ್ಕಿ ಮೂರೂ ಹೆಚ್ಚೂಕಡಿಮೆ ದುಪ್ಪಟ್ಟು! ಗ್ರಾಫ್ ಬರೆದು, ಆಳೆತ್ತರದ ಫ್ಲೆಕ್ಸ್ ಮಾಡಿಸಿ, ಒಂದು ಕಾಲೇಜಿಗೆ ಮಾತಾಡಲು ಹೋದೆ. ಎಲ್ಲ ಮುಗಿದ ಮೇಲೆ ಹಿಂದೆ ಕೂತಿದ್ದ ಒಬ್ಬ ಸರ್ ಎದ್ದು ಕೇಳಿದರು: "ತಮ್ಮಾ, ನೀವು ಗಿಡದ ಫಲ ಎಣಿಸೀರೋ, ಮಳೀ ಎಣಿಸೀರೋ?"

2023 ಬರದ ವರ್ಷ. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. 2024ರಲ್ಲಿ ಮಳೆ ಚೆನ್ನಾಗಿ ಬಂತು. ಬರದ ಮರುವರ್ಷ ಮಳೆ ಬಿದ್ದರೆ ರಸ್ತೆ ಬದಿಯ ಚರಂಡಿಯಲ್ಲೂ ಚಿಟ್ಟೆ ದುಪ್ಪಟ್ಟಾಗುತ್ತವೆ.

ನನ್ನ ತಪ್ಪು ಇಷ್ಟೇ: ಏಳೆಕರೆಯಲ್ಲಿ ಒಂದು ಗುಂಟೆಯನ್ನೂ ಹಚ್ಚದೆ ಬಿಟ್ಟಿರಲಿಲ್ಲ. "ಖಾಲಿ ಬಿಟ್ರ ಯಾರರೆ ಒತ್ತುತಾರ" ಅಂತ ಕಾಕಾ ಹೇಳಿದ್ದರು, ನನಗೂ ಸರಿ ಅನ್ನಿಸಿತ್ತು. ಇದರಿಂದ ಏನು ಹೋಯಿತು ಅಂದರೆ: ನಮ್ಮಲ್ಲಿ ಹತ್ತು ಇದ್ದದ್ದು ಇಪ್ಪತ್ತಾಯಿತು ಅಂತಿಟ್ಟುಕೊಳ್ಳಿ. ಪಕ್ಕದ ಹಚ್ಚದ ಮಡ್ಡಿಯಲ್ಲಿ ಹತ್ತು ಹದಿನೆಂಟಾಗಿದ್ದರೆ ಗಿಡದ ಪಾಲು ಎರಡೇ, ಉಳಿದ ಎಂಟು ಮಳೆಯದು. ಅಲ್ಲೂ ಇಪ್ಪತ್ತಾಗಿದ್ದರೆ ಗಿಡದ ಪಾಲು ಸೊನ್ನೆ. ಅಲ್ಲಿ ಇಪ್ಪತ್ತೈದಾಗಿದ್ದರೆ? ನಮ್ಮ ಗಿಡಗಳೇ ಐದನ್ನು ತಡೆದಿವೆ. ಮೂರರಲ್ಲಿ ಯಾವುದು ನಿಜ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಹಚ್ಚುವ ಮೊದಲೇ ಎಣಿಸಿದ್ದರೂ ಬಚಾವಾಗುತ್ತಿರಲಿಲ್ಲ, ಯಾಕೆಂದರೆ ನಮ್ಮ ಕಡೆ ಎರಡು ವರ್ಷದ ಮಳೆ ಒಂದೇ ಥರ ಇರೋದೇ ಇಲ್ಲ. ಮುಂಚೆ-ಆಮೇಲೆ ಎರಡೂ ಸಲ, ಹಚ್ಚಿದಲ್ಲಿ-ಹಚ್ಚದಲ್ಲಿ ಎರಡೂ ಕಡೆ. ನಾಲ್ಕು ಎಣಿಕೆ ಇದ್ದರೇ ಲೆಕ್ಕ.

ಇನ್ನು ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. "ಹೆಚ್ಚಾಗಿದೆ ಅಂತ ತೋರಿಸೋದು" ಅಂದಿದ್ದೀರಿ. ಉತ್ತರ ಮೊದಲೇ ಬರೆದಿಟ್ಟು ಎಣಿಸಲು ಹೊರಟಿದ್ದೀರಿ. ನಮ್ಮ ಮಡ್ಡಿಯಲ್ಲಿ ಕುರಿ ಮೇಯಿಸುವ ಅಜ್ಜ ಒಬ್ಬರು, "ನೀವು ಗಿಡ ಹಚ್ಚೂಕಿಂತ ಮೊದ್ಲ ಇಲ್ಲಿ ಸೀಟಿ ಹೊಡಕೋತ ಬೀಳೋ ಹಕ್ಕಿ ಇತ್ತು, ಈಗೆಲ್ಲೈತಿ?" ಅಂದರು. ಅದು ನೆಲಗುಬ್ಬಿ. ಗಂಡು ಮೇಲೇರಿ, ಸೀಟಿ ಹಾಕುತ್ತ ಕಲ್ಲಿನಂತೆ ಕೆಳಗೆ ಬೀಳುತ್ತದೆ. ಗೂಡು ಅಂದರೆ ದನದ ಗೊರಸು ಊರಿದಷ್ಟು ತಗ್ಗು, ಅಂಚಿಗೆ ನಾಲ್ಕು ಹರಳು. ಅದಕ್ಕೆ ಬೇಕಾದ್ದು ಬಟಾಬಯಲು. ಅದು ಹೋಗಿ ಗಿಡ-ಪೊದೆಯ ಹಕ್ಕಿ ಪಿಕಳಾರ (ಬುಲ್‌ಬುಲ್) ಬಂತು. ಎಷ್ಟು ಜಾತಿ, ಒಂದೊಂದೂ ಎಷ್ಟೆಷ್ಟು ಅನ್ನೋದನ್ನು ಒಂದೇ ಸಂಖ್ಯೆಗೆ ಇಳಿಸುವ ಶಾನನ್ ಸೂಚ್ಯಂಕಕ್ಕೆ ಎರಡೂ ಒಂದೇ, ಅದು ಹೆಸರು ನೋಡುವುದಿಲ್ಲ. ಟ್ಯಾಂಕರ್ ಹಿಂದೆ ಬಂದ ಕಾಂಗ್ರೆಸ್ ಕಸವನ್ನೂ "ಇನ್ನೊಂದು ಸಸ್ಯ" ಅಂತ ಸೇರಿಸಿಕೊಳ್ಳುತ್ತದೆ. ಕಾಗದದಲ್ಲಿ ಬಂಜರು ಅಂತ ಬರೆದ ನೆಲವೆಲ್ಲ ಹಾಳಾದ ಕಾಡಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ವನ್ಯಧಾಮದ ಚಿಂಕಾರ ಹುಲ್ಲೆಯೂ ದಟ್ಟ ಕಾಡು ಕೇಳುವುದಿಲ್ಲ, ಕುರುಚಲು ಮಡ್ಡಿ ಸಾಕು ಅದಕ್ಕೆ. ಹಾಗಾಗಿ ಸಂಖ್ಯೆಗಿಂತ ಮೊದಲು ಹೆಸರಿನ ಪಟ್ಟಿ ಮಾಡಿ: ಯಾವುದು ಬಂತು, ಯಾವುದು ಹೋಯಿತು.

ಅಳೆಯುವ ಕೆಲಸ ಕಷ್ಟದ್ದಲ್ಲ. ಹುಲ್ಲಿಗೆ ಒಂದು ಮೀಟರ್ ಚೌಕ, ಪೊದೆಗೆ ಐದು, ಮರಕ್ಕೆ ಹತ್ತು. ಮೂಲೆಗೆ ಗೂಟ ಹೊಡೆದು ಪ್ರತಿ ವರ್ಷ ಅದೇ ಚೌಕ ನೋಡಿ. ಹಕ್ಕಿಗೆ ಸೂರ್ಯ ಹುಟ್ಟಿದ ಮೇಲಿನ ಎರಡು ತಾಸಿನೊಳಗೆ, ಒಂದೊಂದು ಕಡೆ ಹತ್ತು ನಿಮಿಷ ನಿಂತು ಎಣಿಸಿ. ಬಯಲಲ್ಲಿ ದೂರದ ಹಕ್ಕಿಯೂ ಕಾಣುತ್ತದೆ, ಗಿಡದಲ್ಲಿ ಕಾಣುವುದಿಲ್ಲ, ಅದಕ್ಕೇ ಎರಡೂ ಕಡೆ 30 ಮೀಟರ್ ಒಳಗಿನದ್ದು ಮಾತ್ರ ಬರೆಯಿರಿ. ಚಿಟ್ಟೆಗೆ ಒಂದು ಗೆರೆ ಹಿಡಿದು ನಿಧಾನ ನಡೆಯುತ್ತ, ಎರಡೂ ಬದಿ ಎರಡೂವರೆ ಮೀಟರ್. ನೆಲದ ಹುಳಕ್ಕೆ ಪ್ಲಾಸ್ಟಿಕ್ ಲೋಟ ಹೂತು ಸೋಪಿನ ನೀರು ಹಾಕಿ, ಎರಡು ದಿನ ಬಿಡಿ. ಲೋಟದ ಬಾಯಿ ಮಣ್ಣಿನ ಮಟ್ಟಕ್ಕೇ ಇರಬೇಕು. ನಾನು ಬೆರಳಗಲ ಮೇಲೆ ಬಿಟ್ಟಿದ್ದೆ. ಇರುವೆಗಳು ಅಂಚಿನವರೆಗೆ ಬಂದು, ಒಂದು ಸುತ್ತು ಹಾಕಿ, ತಮ್ಮ ದಾರಿ ಹಿಡಿದವು. ಮೊದಲ ಸಲ ನನಗೆ ಸಿಕ್ಕಿದ್ದು ಒಂದು ಜೀರುಂಡೆ, ಒಂದು ಬೀಡಿ ತುಂಡು.

ಹಚ್ಚುವ ಮುಂಚಿನ ಎಣಿಕೆ ಇಲ್ಲದಿದ್ದರೂ ನಿಮಗೆ ಇನ್ನೂ ಒಂದು ದಾರಿ ಇದೆ. ಬೇಲಿಯಾಚೆ ಅದೇ ಮಣ್ಣಿನ, ಅದೇ ಇಳಿಜಾರಿನ, ಗಿಡ ಹಚ್ಚದ ಮಡ್ಡಿ ಸಿಕ್ಕರೆ ಎರಡನ್ನೂ ಒಂದೇ ವಾರದಲ್ಲಿ ಎಣಿಸಿ. ಸಾಧ್ಯವಾದರೆ ಯಾವುದಾದರೂ ಗುಡಿಯ ಹಿಂದೆ ಉಳಿದ ಹಳೆಯ ಕಮರದ ತೋಪನ್ನೂ ಸೇರಿಸಿ, ನಿಮ್ಮ ಗಿಡಗಳು ಯಾವ ಕಡೆ ಹೊರಟಿವೆ ಅಂತ ತಿಳಿಯುತ್ತದೆ. ನಮ್ಮ ಪಕ್ಕದ ಮಡ್ಡಿಗೆ ಹೋದ ಬೇಸಿಗೆಯಲ್ಲಿ ಜೆಸಿಬಿ ಇಳಿಯಿತು, ಈಗ ಅಲ್ಲಿ ಕಬ್ಬು. ನಿಮ್ಮ ಪಕ್ಕದವರನ್ನು ಈ ವಾರವೇ ಹೋಗಿ ಮಾತಾಡಿಸಿ.