ಭಜನಿಯೊಳಗ ಕೀಬೋರ್ಡ್‌ನ ಪೇಟಿ (ಹಾರ್ಮೋನಿಯಂ) ದನಿ ಮಂದ್ರಕ್ಕ ಇಳದ್ರ ಸ್ಟ್ರಿಂಗ್ಸ್ (ಪಿಟೀಲಿನಂಥ ತಂತಿವಾದ್ಯದ ದನಿ) ಯಾಕ ಬರ್ತದ? ಎಡಗೈ ಇಟ್ರ ಬೇಡದ ಕಾರ್ಡ್ (ಕೂಡು ಸ್ವರ) ಯಾಕ ಬರ್ತದ?

ಸ್ಪ್ಲಿಟ್ ಪಾಯಿಂಟ್, ಅಂದ್ರ ಎಡಗೈ ದನಿ ಮುಗಿಯೋ ಗಡಿ ಕೀ, ಭಾಳ ಮ್ಯಾಲ ಅದ, ಅದಕ್ಕ ಹಾರ್ಮೋನಿಯಂ ಮಂದ್ರಕ್ಕ ಇಳಿದಕೂಡಲೇ ಸ್ಟ್ರಿಂಗ್ಸ್ ಬರ್ತದ. ಎಡಗೈ ಇಟ್ರ ಬೇಡದ ಕಾರ್ಡ್ ಬರ್ತದ ಅಂದೀರಲ್ಲ, ಅದು ಎಸಿಎಂಪಿ (ಎಡಗೈ ಕೀ ನೋಡಿ ಕೀಬೋರ್ಡ್ ತಾನೇ ಹಿಮ್ಮೇಳ ನುಡಿಸೋದು) ಆನ್ ಇರೋದ್ರಿಂದ. ಕೀಬೋರ್ಡ್ ಕೆಟ್ಟಿಲ್ಲ. ಮಾಡೆಲ್ ನೀವು ಬರದಿಲ್ಲ, 61 ಕೀ ಇರೋ ಯಮಹಾ ಪಿಎಸ್‌ಆರ್-ಇ ಅಂತ ತಿಳಕೊಂಡು ಹೇಳ್ತೀನಿ. ಬ್ಯಾರೆ ಇದ್ರ ಬಟನ್ ಹೆಸರು ಬದಲಾಗ್ತಾವ.

ಮೊದಲು ಎಸಿಎಂಪಿ ಆಫ್ ಮಾಡ್ರಿ. ತಾಳ ಅಷ್ಟೇ ಉಳೀತದ, ಭಜನಿಗಿ ಅಷ್ಟು ಸಾಕು. ಆಮ್ಯಾಲ ಮೇನ್ ವಾಯ್ಸ್‌ಗೆ (ಮುಖ್ಯ ದನಿಗೆ) ಹಾರ್ಮೋನಿಯಂ ಇಡ್ರಿ. ಸ್ಪ್ಲಿಟ್ ಬಟನ್ ಒತ್ತಿ ಹಿಡದ್ರ ಎಡಗೈ ವಾಯ್ಸ್ ಆರಿಸಬಹುದು. ಜೋರಾಗಿ ಏಳೋ ಸ್ಟ್ರಿಂಗ್ಸ್ ಬ್ಯಾಡ, ಮೆಲ್ಲಗ ತುಂಬಿಕೊಳ್ಳೋದು ತಗೋರಿ. ವಚನದ ಮಾತು ಕೇಳಬೇಕಲ್ಲ.

ಈಗ ಫಂಕ್ಷನ್ ಬಟನ್‌ನ ಸೆಟ್ಟಿಂಗ್ ಒಳಗ ಸ್ಪ್ಲಿಟ್ ಪಾಯಿಂಟ್ ಹುಡುಕ್ರಿ. ಸಾಮಾನ್ಯವಾಗಿ ಕೀ ನಂಬರ್ 54 ಇರ್ತದ (ಎಡತುದಿ ಕೀ ನಂಬರ್ 36), ಅಂದ್ರ ಎಡತುದಿಯಿಂದ ಹೆಚ್ಚುಕಡಿಮಿ ಒಂದೂವರೆ ಸಪ್ತಕ ಎಡಗೈ ಪಾಲು. 47ಕ್ಕ ಇಳಸ್ರಿ, ಒಂದೇ ಸಪ್ತಕ ಉಳೀತದ; ಷಡ್ಜ-ಪಂಚಮ ಹಿಡಿಯಾಕ ಅಷ್ಟು ಬೇಕಾದಷ್ಟಾಯ್ತು. ಅಲ್ಲಿ ಸ್ವರ ಗುಂಯ್ ಅಂತದ, ಅದಕ್ಕ ಸ್ಪ್ಲಿಟ್ ಆಕ್ಟೇವ್ (ಎಡಗೈ ದನಿಯ ಸಪ್ತಕ) 1 ಏರಿಸಿ, ಆ ದನಿಯ ವಾಲ್ಯೂಮ್ ಪೇಟಿಯ ಅರ್ಧ ಮಾಡ್ರಿ.

ಹಾಡೋರ ಶ್ರುತಿ ಬದಲಾದ್ರ ಸ್ಪ್ಲಿಟ್ ಮುಟ್ಟಬ್ಯಾಡ್ರಿ, ಟ್ರಾನ್ಸ್‌ಪೋಸ್ (ಇಡೀ ಕೀಬೋರ್ಡ್ ಶ್ರುತಿ ಏರಿಸೋ-ಇಳಿಸೋ ಸೆಟ್ಟಿಂಗ್) ಬದಲಸ್ರಿ. ಗಡಿ ಅದೇ ಕೀ ಮ್ಯಾಲ ಇರ್ತದ, ಬೆರಳೂ ತಪ್ಪಂಗಿಲ್ಲ.

ಎಲ್ಲಾ ಸರಿ ಅನಿಸಿದ ಮ್ಯಾಲ ರಿಜಿಸ್ಟ್ರೇಷನ್ ಮೆಮೊರಿ (ಸೆಟ್ಟಿಂಗ್ ಎಲ್ಲಾ ಕಾದಿಡೋ ಜಾಗ) 1ರೊಳಗ ಉಳಸ್ರಿ. ಶ್ರಾವಣದಾಗ ಕಲಬುರಗಿಯೊಳಗ ನಡುವೆ ಕರೆಂಟ್ ಹೋದ್ರ ಒಂದೇ ಬಟನ್‌ಗೆ ವಾಪಸ್ ಬರ್ತದ.