ಓದುಗರ ಪ್ರಶ್ನೆ: ಎರಡು ಗ್ಲಾಸು, ಒಂದು ಸಿರಿಂಜು

ಅಮೆರಿಕದ ವಿಸ್ಕಿಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಪತ್ರಗಳು ಚೆನ್ನಾಗಿಯೇ ಬಂದಿವೆ. ನಾನು ವಿಸ್ಕಿ ಮಾಡುವವಳಲ್ಲ, ಮಾರುವವಳೂ ಅಲ್ಲ. ಒಹಾಯೊದಲ್ಲಿ ಒಂದು ಔಷಧದಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಶನಿವಾರ ಸಂಜೆ ಮನೆಯವರ ಜೊತೆ ಕೂತು ಮೂಸಿ, ರುಚಿ ನೋಡಿ, ಅನ್ನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಹನ್ನೊಂದು ವರ್ಷದ ಅಭ್ಯಾಸ. ಅದರ ಮೇಲೆಯೇ ಈ ಉತ್ತರಗಳು.

ಅಕ್ಕಾ, ಮೇಕರ್ಸ್ ಮಾರ್ಕ್, ಬಫಲೋ ಟ್ರೇಸ್, ವೈಲ್ಡ್ ಟರ್ಕಿ 101, ಮೂರೂ ತಂದಿದ್ದೇನೆ. ಬೇರೆ ಬೇರೆ ದಿನ ಕುಡಿದು ನೋಡಿದೆ. ವೈಲ್ಡ್ ಟರ್ಕಿ ಜೋರು ಅನ್ನುವುದು ಬಿಟ್ಟರೆ ಎಲ್ಲ ಒಂದೇ ಥರ. ಎಲ್ಲಿ ತಪ್ಪುತ್ತಿದ್ದೇನೆ?
ಒಬ್ಬ ಓದುಗ, ಕೊಲಂಬಸ್

ಬೇರೆ ಬೇರೆ ದಿನ ಕುಡಿದದ್ದೇ ತೊಂದರೆ. ನಾಲಿಗೆಗೆ ಮರೆವು ಜಾಸ್ತಿ. ಹೋದ ವಾರದ ರುಚಿಯನ್ನು ಈ ವಾರದ ಗುಟುಕಿನ ಜೊತೆ ಹೋಲಿಸೋಕೆ ಆಗಲ್ಲ. ಎರಡು ಗ್ಲಾಸು ಪಕ್ಕಪಕ್ಕ ಇರಲೇಬೇಕು.

ಮೊದಲು ಮೇಕರ್ಸ್ ಮಾರ್ಕ್ ಮತ್ತು ಬಫಲೋ ಟ್ರೇಸ್ ತೆಗೆದುಕೊಳ್ಳಿ. ಈ ಜೋಡಿ ಯಾಕೆ ಅಂದರೆ ಎರಡೂ ಕೆಂಟಕಿಯವು, ಎರಡೂ 45 ಶೇಕಡ ಆಲ್ಕೋಹಾಲ್, ಎರಡೂ ಬರ್ಬನ್. ಬರ್ಬನ್ ಅಂದಮೇಲೆ ಧಾನ್ಯದಲ್ಲಿ ಕನಿಷ್ಠ 51 ಶೇಕಡ ಮುಸುಕಿನ ಜೋಳ ಇರಬೇಕು. ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಣ್ಣ, ಸುವಾಸನೆ ಬೆರೆಸುವಂತಿಲ್ಲ. ಅಂದರೆ ಇವೆರಡರಲ್ಲಿ ಹೋಲುವ ಅಂಶವೇ ಜಾಸ್ತಿ. ಎದ್ದು ಕಾಣುವ ವ್ಯತ್ಯಾಸ ಧಾನ್ಯದ್ದು. ಮೇಕರ್ಸ್ ಮಾರ್ಕ್‌ನಲ್ಲಿ ಜೋಳದ ಜೊತೆ ಗೋಧಿ ಇದೆ, ಬಫಲೋ ಟ್ರೇಸ್‌ನಲ್ಲಿ ಆ ಜಾಗದಲ್ಲಿ ರೈ ಅನ್ನುವ, ಗೋಧಿಯಂಥ ಇನ್ನೊಂದು ಧಾನ್ಯ ಇದೆ. ಎರಡಕ್ಕೂ ಒಂದೇ ಥರದ, ಬಾಯಿ ಕಿರಿದಾದ ಗ್ಲಾಸು ಇಡಿ. ತಲಾ 15 ಮಿ.ಲೀ. ಸಾಕು. ಹತ್ತು ನಿಮಿಷ ಹಾಗೇ ಬಿಡಿ. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಮೂಗಿಗೆ ಘಾಟು ಹೊಡೆಯುವುದು ಕಮ್ಮಿಯಾಗುತ್ತದೆ. ಒಂದನ್ನು ಮೂಸಿ, ಇನ್ನೊಂದನ್ನು ಮೂಸಿ, ಮತ್ತೆ ಮೊದಲನೆಯದಕ್ಕೆ ಬನ್ನಿ. ಹಾಗೆ ವಾಪಸ್ ಬಂದಾಗಲೇ ವ್ಯತ್ಯಾಸ ಸಿಗುವುದು.

ಈಗ ವೈಲ್ಡ್ ಟರ್ಕಿಯ ವಿಷಯ. 101 ಅನ್ನುವುದು ಪ್ರೂಫ್. ಅಮೆರಿಕದ ಲೆಕ್ಕದಲ್ಲಿ ಪ್ರೂಫ್‌ನ ಅರ್ಧ ಆಲ್ಕೋಹಾಲಿನ ಪ್ರಮಾಣ, ಹಾಗಾಗಿ ಇದು 50.5 ಶೇಕಡ. ಮೊದಮೊದಲು ನಾನೂ ಇದನ್ನು ಹಾಗೇ ಬೇರೆಯವುಗಳ ಪಕ್ಕ ಇಟ್ಟು ನೋಡುತ್ತಿದ್ದೆ. ಆಗಿನ ನೋಟ್‌ಬುಕ್ ತೆರೆದರೆ ಪುಟಪುಟದಲ್ಲೂ "ಇದು ಗಟ್ಟಿ, ಅದು ಪೇಲವ" ಅಂತಲೇ ಇದೆ. ನಾನು ಅಳೆದದ್ದು ವಿಸ್ಕಿಯ ಗುಣವನ್ನಲ್ಲ, ಅದರಲ್ಲಿದ್ದ ನೀರನ್ನು. ಆಮೇಲೆ ಮಕ್ಕಳಿಗೆ ಔಷಧ ಹಾಕುವ ಸಿರಿಂಜು ಬಳಸಲು ಶುರು ಮಾಡಿದೆ. 15 ಮಿ.ಲೀ. ವೈಲ್ಡ್ ಟರ್ಕಿಗೆ 1.8 ಮಿ.ಲೀ. ನೀರು ಹಾಕಿದರೆ ಅದೂ ಸುಮಾರು 45ಕ್ಕೆ ಇಳಿಯುತ್ತದೆ. ಜೋರು ಕರಗಿದ ಮೇಲೆ ಅದರ ಕೆಳಗಿದ್ದ ಸಿಹಿ, ಮಸಾಲೆ ಎರಡೂ ಮೇಲೆ ಬರುತ್ತವೆ. ನನಗಂತೂ ಅವತ್ತು ಬೇರೆಯದೇ ಬಾಟಲಿ ತೆರೆದ ಹಾಗಾಯಿತು.

ಇನ್ನೊಂದು ಮಾತು. ಗ್ಲಾಸಿಗೆ ಬೇರೆ ಯಾರಾದರೂ ಸುರಿಯಲಿ, ಹೆಸರನ್ನು ಗ್ಲಾಸಿನ ತಳಕ್ಕೆ ಅಂಟಿಸಲಿ. ನೀವು ಬರೆದು ಮುಗಿಸಿದ ಮೇಲೆ ತಿರುಗಿಸಿ ನೋಡಿ. ಮೂರು ಗ್ಲಾಸು ಸೇರಿದರೆ 45 ಮಿ.ಲೀ. ಆಯಿತು, ಆ ಸಂಜೆಗೆ ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಜಾಸ್ತಿಯಾದರೆ ಮೂಗೂ ಕೆಲಸ ಮಾಡಲ್ಲ, ತಲೆಯೂ ಮಾಡಲ್ಲ. ಕಾರಿನ ಬೀಗದ ಕೈ ಒಳಗಿರಲಿ.

ವಿಮರ್ಶೆಗಳಲ್ಲಿ ಚೆರ್ರಿ, ಚರ್ಮ, ತಂಬಾಕು ಅಂತೆಲ್ಲ ಬರೆಯುತ್ತಾರೆ. ನನಗೆ ಒಂದೂ ಸಿಗುವುದಿಲ್ಲ. ನನ್ನ ಮೂಗೇ ಸರಿಯಿಲ್ಲವಾ?
ಒಬ್ಬ ಓದುಗಿ, ಷಿಕಾಗೊ

ಮೂಗು ಸರಿಯಾಗಿದೆ ಕಣಮ್ಮಾ. ಬೇರೆಯವರ ನೆನಪನ್ನು ನಿಮ್ಮ ಗ್ಲಾಸಿನಲ್ಲಿ ಹುಡುಕುತ್ತಿದ್ದೀರಿ, ಅಷ್ಟೇ. ವಾಸನೆಗೆ ಹೆಸರು ಬರುವುದು ನಾವು ಬೆಳೆದ ಅಡುಗೆಮನೆಯಿಂದ.

ನಮಗೆ ಇರುವ ಮಾತುಗಳನ್ನು ನೋಡಿ. ಮೂಗಿಗೆ ಹೊಡೆಯುವುದು ಘಾಟು. ನಾಲಿಗೆ ಚುರುಗುಟ್ಟಿಸುವುದು ಖಾರ. ಕೆನ್ನೆಯ ಒಳಭಾಗವನ್ನು ಎಳೆದು ಹಿಡಿಯುವುದು ಒಗರು. ವಿಸ್ಕಿಯಲ್ಲಿ ಈ ಮೂರೂ ಬೇರೆ ಬೇರೆ ಕಡೆಯಿಂದ ಬರುತ್ತವೆ. ಘಾಟು ಆಲ್ಕೋಹಾಲಿನದು, ಒಗರು ಪೀಪಾಯಿಯ ಮರದ್ದು, ಮೆಣಸಿನಂಥ ಖಾರ ಹೆಚ್ಚಾಗಿ ರೈ ಧಾನ್ಯದ್ದು. ಈ ಮೂರನ್ನು ಬಿಡಿಸಿ ಬರೆದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧಕ್ಕೆ ಮಸಾಲೆ ಡಬ್ಬಿಯನ್ನೇ ಮೇಜಿಗೆ ತನ್ನಿ. ಲವಂಗ, ಚಕ್ಕೆ, ಒಣಕೊಬ್ಬರಿ, ಒಂದು ಚೂರು ಬೆಲ್ಲ, ವೆನಿಲ್ಲಾ ಬಾಟಲಿ. ಒಂದೊಂದನ್ನೂ ಮೂಸಿ, ಆಮೇಲೆ ಗ್ಲಾಸು ಮೂಸಿ. ಇದು ಸುಮ್ನೆ ಕಲ್ಪನೆಯ ಆಟ ಅಲ್ಲ. ಓಕ್ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ಅಂಶ ಕಾವಿಗೆ ಒಡೆದಾಗ ಬರುವುದು ವೆನಿಲಿನ್, ವೆನಿಲ್ಲಾದಲ್ಲಿ ಇರುವುದೂ ಅದೇ. ಲವಂಗದ ಘಮ ಕೊಡುವ ಯುಜಿನಾಲ್ ಓಕ್‌ನಲ್ಲೂ ಇದೆ. ಕೊಬ್ಬರಿ ವಾಸನೆ ಓಕ್‌ನ ಲ್ಯಾಕ್ಟೋನ್‌ಗಳದ್ದು. ಪೀಪಾಯಿ ಪ್ರತಿ ಸಲ ಹೊಸದೇ ಆಗಿರುವುದರಿಂದ ಬರ್ಬನ್‌ನಲ್ಲಿ ಇವೆಲ್ಲ ಧಾರಾಳ. ನನ್ನ ನೋಟ್‌ಬುಕ್ಕಿನಲ್ಲಿ ಜಿಮ್ ಬೀಮ್ ಎದುರಿಗೆ ಯಾವಾಗಲೂ "ಹುರಿದ ಕಡಲೆಬೀಜ, ಸಿಪ್ಪೆ ಸಮೇತ" ಅಂತ ಇರುತ್ತದೆ. ಒಂದು ಹಳೆಯ ಬರ್ಬನ್‌ಗೆ "ಬೆಲ್ಲದ ಪಾಕ ಎಳೆ ದಾಟಿ ತಳ ಹಿಡಿಯುವ ಹೊತ್ತು" ಅಂತ ಬರೆದಿದ್ದೇನೆ. ಚೆರ್ರಿ ಅನ್ನುವ ಪದ ಈ ಹನ್ನೊಂದು ವರ್ಷದಲ್ಲಿ ನಾಲ್ಕೈದು ಸಲ ಬಂದಿರಬಹುದು.

ಲೇಬಲ್ ಮೇಲೆ 'ಬಾಟಲ್ಡ್ ಇನ್ ಬಾಂಡ್' ಅಂತ ಇದ್ದರೆ ವಿಸ್ಕಿ ಒಳ್ಳೆಯದು ಅಂತ ಅರ್ಥವೇ?

ಒಳ್ಳೆಯದು ಅಂತಲ್ಲ, ಅಸಲಿ ಅಂತ. 1800ರ ದಶಕಗಳಲ್ಲಿ ಕಚ್ಚಾ ಸ್ಪಿರಿಟ್‌ಗೆ ಬಣ್ಣ, ಸುವಾಸನೆ ಬೆರೆಸಿ ವಿಸ್ಕಿ ಅಂತ ಮಾರುವವರು ತುಂಬ ಇದ್ದರು. ಕೆಂಟಕಿಯ ಕರ್ನಲ್ ಇ. ಎಚ್. ಟೇಲರ್‌ನಂಥವರು ಪಟ್ಟು ಹಿಡಿದು 1897ರಲ್ಲಿ ಈ ಕಾನೂನು ತರಿಸಿದರು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿ ಕನಿಷ್ಠ 4 ವರ್ಷ, ಬಾಟಲಿಯಲ್ಲಿ ಸರಿಯಾಗಿ 50 ಶೇಕಡ.

ನಮ್ಮಂಥ ಮನೆಯ ಹವ್ಯಾಸಿಗಳಿಗೆ ಈ 50 ಅನ್ನುವುದೇ ವರ. ಎಲ್ಲ ಬಾಂಡೆಡ್ ವಿಸ್ಕಿಗಳೂ ಒಂದೇ ಮಟ್ಟದಲ್ಲಿ ಇರುತ್ತವೆ, ಸಿರಿಂಜು ಬೇಕಾಗಿಲ್ಲ. ಇವಾನ್ ವಿಲಿಯಮ್ಸ್‌ನ ಬಿಳಿ ಲೇಬಲ್ ಬರ್ಬನ್ ಮತ್ತು ರಿಟನ್‌ಹೌಸ್ ರೈ ವಿಸ್ಕಿ ತನ್ನಿ. ಎರಡೂ ಹೆವನ್ ಹಿಲ್ ಕಂಪನಿಯವು, ಎರಡೂ ಬಾಂಡೆಡ್. ನಮ್ಮ ಕಡೆ ಎರಡೂ ಸೇರಿ ಹೆಚ್ಚುಕಮ್ಮಿ 50 ಡಾಲರ್. ಜೋಳ ಏನು ಮಾಡುತ್ತದೆ, ರೈ ಏನು ಮಾಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಜ್ಯಾಕ್ ಡೇನಿಯಲ್ಸ್ ಬರ್ಬನ್ನೋ ಅಲ್ಲವೋ? ನಮ್ಮ ಮನೆಯಲ್ಲಿ ಇದೊಂದು ಜಗಳ.

ಧಾನ್ಯ, ಪೀಪಾಯಿ ನೋಡಿದರೆ ಬರ್ಬನ್‌ನ ನಿಯಮಕ್ಕೆ ಹೊಂದುತ್ತದೆ: ಜೋಳ 80, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 12, ರೈ 8 ಶೇಕಡ. ಆದರೆ ಪೀಪಾಯಿಗೆ ಹೋಗುವ ಮುಂಚೆ ಅದನ್ನು ಮೇಪಲ್ ಮರದ ಇದ್ದಿಲಿನ ಮೂಲಕ ಹನಿಹನಿಯಾಗಿ ಇಳಿಸುತ್ತಾರೆ. ಅವರು ಟೆನೆಸಿ ವಿಸ್ಕಿ ಅಂತಲೇ ಕರೆದುಕೊಳ್ಳುತ್ತಾರೆ. ಜ್ಯಾಕ್ ಡೇನಿಯಲ್‌ಗೆ ವಿಸ್ಕಿ ಮಾಡುವುದನ್ನು ಕಲಿಸಿದ್ದು ನಿಯರೆಸ್ಟ್ ಗ್ರೀನ್ ಎಂಬ, ಗುಲಾಮಗಿರಿಯಲ್ಲಿದ್ದ ಕರಿಯ ಮನುಷ್ಯ. ಈ ಜಗಳದ ನಡುವೆ ಆ ಹೆಸರೂ ಒಮ್ಮೆ ಬರಲಿ ಅಂತ ನನ್ನ ಆಸೆ.

ತೆರೆದ ಬಾಟಲಿ ಎಷ್ಟು ದಿನ ಇಡಬಹುದು? ಇಟ್ಟಷ್ಟೂ ರುಚಿ ಹೆಚ್ಚುತ್ತದೆಯೇ?

ಹೆಚ್ಚುವುದಿಲ್ಲ. ವಿಸ್ಕಿ ಹಣ್ಣಾಗುವುದು ಮರದಲ್ಲಿ, ಗಾಜಿನಲ್ಲಲ್ಲ. ತೆರೆಯದ ಬಾಟಲಿಯನ್ನು ಬಿಸಿಲು ತಾಗದ ಕಡೆ ನೇರವಾಗಿ ನಿಲ್ಲಿಸಿಡಿ. ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ಹಾಳು ಮಾಡುತ್ತದೆ. ತೆರೆದ ಮೇಲೆ ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ಜಾಸ್ತಿ, ಘಮ ಅಷ್ಟು ಬೇಗ ಇಳಿಯುತ್ತದೆ.

ಮಗಳ ಗ್ರ್ಯಾಜುಯೇಶನ್ ದಿನಕ್ಕೆ ಅಂತ ಒಂದು ಸಿಂಗಲ್ ಬ್ಯಾರೆಲ್ ಬರ್ಬನ್‌ನಲ್ಲಿ ಕಾಲು ಬಾಟಲಿ ಉಳಿಸಿದ್ದೆ. ಎರಡು ವರ್ಷ ಮುಟ್ಟಲಿಲ್ಲ. ಅವತ್ತು ತೆರೆದರೆ ಕೊಬ್ಬರಿಯೂ ಇಲ್ಲ, ಬೆಲ್ಲವೂ ಇಲ್ಲ, ಒದ್ದೆ ಹಲಗೆಯ ವಾಸನೆ ಮಾತ್ರ. ಸಿಂಗಲ್ ಬ್ಯಾರೆಲ್ ಅಂದರೆ ಒಂದೇ ಪೀಪಾಯಿಯಿಂದ ತುಂಬಿಸಿದ್ದು. ಆ ಪೀಪಾಯಿಯ ಇನ್ನೊಂದು ಬಾಟಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಈಗ ಯಾವ ಬಾಟಲಿಯಾದರೂ ಮೂರನೇ ಒಂದು ಭಾಗಕ್ಕೆ ಇಳಿದ ಕೂಡಲೇ ಸಣ್ಣ ಗಾಜಿನ ಶೀಶೆಗೆ ಕತ್ತಿನವರೆಗೆ ತುಂಬಿ, ಹೆಸರು ಮತ್ತು ತಾರೀಖು ಬರೆದು ಮುಚ್ಚಿಡುತ್ತೇನೆ.