ಹಳೆಯ ಎಂಡಿಬಿ ಫೈಲ್ ತೆರೆದ ಕೂಡಲೇ ಆಕ್ಸೆಸ್ ಮುಚ್ಚಿಹೋಗುತ್ತಿದ್ದರೆ ಮೊದಲು ಡೇಟಾ ಹೊರಗೆ ತೆಗೆಯಿರಿ

ಹೊಸ ಕಂಪ್ಯೂಟರ್‌ಗೆ ಹೊಸ ಆಫೀಸ್ ಹಾಕಿದ್ದೀರಿ. ಅದರ ಡೇಟಾಬೇಸ್ ಸಾಫ್ಟ್‌ವೇರ್ ಆಕ್ಸೆಸ್‌ನಲ್ಲಿ ಖಾಲಿ ಡೇಟಾಬೇಸ್ ಸರಿಯಾಗಿಯೇ ತೆರೆಯುತ್ತದೆ, ಆದರೆ ಹಳೆಯ ಎಂಡಿಬಿ (ಆಕ್ಸೆಸ್‌ನ ಹಳೆಯ ಡೇಟಾಬೇಸ್ ಮಾದರಿ) ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಒಂದು ಕ್ಷಣ ಫಾರ್ಮ್ ಕಾಣಿಸಿ ಇಡೀ ಆಕ್ಸೆಸ್ಸೇ ಮುಚ್ಚಿಹೋಗುತ್ತದೆ. ಇಷ್ಟು ವರ್ಷದ ದಾಖಲೆ ಎಲ್ಲ ಹೋಯಿತಾ ಅಂತ ಕೇಳಿದ್ದೀರಿ.

ಹೋಗಿರುವ ಸಾಧ್ಯತೆ ತುಂಬಾ ಕಡಿಮೆ. ಎಂಡಿಬಿ ಅನ್ನೋದು ನೋಡೋಕೆ ಒಂದೇ ಫೈಲ್, ಆದರೆ ಒಳಗೆ ಎರಡು ಸಂಸಾರ ಇದೆ. ಒಂದು ಟೇಬಲ್‌ಗಳು, ಅಂದರೆ ನಿಮ್ಮ ಡೇಟಾ. ಇನ್ನೊಂದು ಫಾರ್ಮ್, ರಿಪೋರ್ಟ್, ವಿಬಿಎ ಕೋಡ್ (ಆಕ್ಸೆಸ್ ಒಳಗೇ ಬರೆಯುವ ಪ್ರೋಗ್ರಾಂ). ತೆರೆದ ಕೂಡಲೇ ಬೀಳುವ ಫೈಲ್‌ಗಳಲ್ಲಿ ನಾನು ನೋಡಿದ ಮಟ್ಟಿಗೆ ಕೆಟ್ಟಿರುವುದು ಹೆಚ್ಚಾಗಿ ಈ ಎರಡನೆಯದು. ನಿಮ್ಮಲ್ಲಿ ಫಾರ್ಮ್ ಕಾಣಿಸಿದ ಮೇಲೆ ಬೀಳುತ್ತಿದೆ ಅಂದರೆ ಡೇಟಾಬೇಸ್ ತೆರೆದಿದೆ ಅಂತಲೇ ಅರ್ಥ ಅಲ್ವಾ? ಹಾಗಾಗಿ ಫೈಲ್ ರಿಪೇರಿ ಮಾಡಲು ಹೊರಡಬೇಡಿ. ಮೊದಲು ಡೇಟಾ ಹೊರಗೆ ಬರಲಿ, ಉಳಿದದ್ದು ಆಮೇಲೆ.

ಎಲ್ಲಕ್ಕಿಂತ ಮುಂಚೆ ಒಂದು ಕಾಪಿ ಮಾಡಿ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಒಮ್ಮೆ ಅವಸರದಲ್ಲಿ ಮೂಲ ಫೈಲ್ ಮೇಲೆಯೇ ಆಕ್ಸೆಸ್‌ನ ಸ್ವಂತ ರಿಪೇರಿ ಬಟನ್ ಕಾಂಪ್ಯಾಕ್ಟ್ ಅಂಡ್ ರಿಪೇರ್ ಒತ್ತಿಬಿಟ್ಟೆ. ಫೈಲ್ ತೆರೆಯಿತು, ಖುಷಿಯಾಯಿತು, ಎರಡು ದಿನ ಬಿಟ್ಟು ನೋಡಿದರೆ ಒಂದು ಟೇಬಲ್‌ನ ಕೊನೆಯ ಕೆಲವು ಸಾಲುಗಳು ಇರಲೇ ಇಲ್ಲ. ರಿಪೇರಿ ಮುಗಿದಾಗ ಹಳೆಯ ಫೈಲ್ ಜಾಗದಲ್ಲಿ ಹೊಸದು ಕೂತಿರುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲ. ಕಾಪಿಯನ್ನು ಪೆನ್‌ಡ್ರೈವ್‌ನಲ್ಲೋ ನೆಟ್‌ವರ್ಕ್ ಫೋಲ್ಡರ್‌ನಲ್ಲೋ ಇಡದೆ ಕಂಪ್ಯೂಟರ್‌ನ ಡಿಸ್ಕ್‌ಗೇ ಹಾಕಿಕೊಂಡು ಕೆಲಸ ಮಾಡಿ.

ಈಗ ಫೈಲ್ ಯಾವ ಕಾಲದ್ದು ಅಂತ ತಿಳಿಯಬೇಕು. ಎಂಡಿಬಿ ಅಂತ ಹೆಸರಿದ್ದರೆ ಎಲ್ಲವೂ ಒಂದೇ ಅಲ್ಲ. ಯಾವುದಾದರೂ ಹೆಕ್ಸ್ ಎಡಿಟರ್‌ನಲ್ಲಿ, ಅಂದರೆ ಫೈಲ್‌ನ ಬೈಟ್‌ಗಳನ್ನು ಹಾಗೇ ತೋರಿಸುವ ಸಾಫ್ಟ್‌ವೇರ್‌ನಲ್ಲಿ, ಕಾಪಿಯನ್ನು ತೆರೆಯಿರಿ. ಶುರುವಿನಲ್ಲೇ 'ಸ್ಟ್ಯಾಂಡರ್ಡ್ ಜೆಟ್ ಡಿಬಿ' ಅಂತ ಇಂಗ್ಲಿಷ್‌ನಲ್ಲಿ ಕಾಣುತ್ತದೆ. ಸಾಲಿಗೆ 16 ಬೈಟ್ ತೋರಿಸುವ ಎಡಿಟರ್ ಆದರೆ ಎರಡನೇ ಸಾಲಿನ ಐದನೇ ಬೈಟ್ ನೋಡಿ. ಅಲ್ಲಿ 00 ಇದ್ದರೆ ಆಕ್ಸೆಸ್ 97 ಅಥವಾ ಅದಕ್ಕೂ ಸ್ವಲ್ಪ ಹಿಂದಿನ ಫೈಲ್, 01 ಇದ್ದರೆ 2000ದಿಂದ 2003ರವರೆಗಿನದು. 97ರ ಫೈಲ್ ಆದರೆ ಹೆಣಗಾಡಬೇಡಿ, ಆಕ್ಸೆಸ್ 2013ರಿಂದ ಈಚಿನ ಯಾವುದೂ ಅದನ್ನು ತೆರೆಯುವುದಿಲ್ಲ. 2003, 2007 ಅಥವಾ 2010 ಇರುವ ಕಂಪ್ಯೂಟರ್ ಹುಡುಕಿ ಅಲ್ಲಿ ಹೊಸ ಫಾರ್ಮ್ಯಾಟ್‌ಗೆ ಬದಲಾಯಿಸಿ. ಸಿಗದಿದ್ದರೆ ಲಿನಕ್ಸ್‌ನಲ್ಲಿ ಎಂಡಿಬಿ ಟೂಲ್ಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದು 97ರ ಟೇಬಲ್‌ಗಳನ್ನೂ ಓದಿ ಸಿಎಸ್‌ವಿ (ಎಕ್ಸೆಲ್‌ನಲ್ಲೂ ತೆರೆಯುವ ಸರಳ ಪಠ್ಯ ಫೈಲ್) ಮಾಡಿ ಕೊಡುತ್ತದೆ. ಆದರೆ 97ರ ಫೈಲ್‌ಗೆ ಸಾಮಾನ್ಯವಾಗಿ 'ಹಳೆಯ ಆವೃತ್ತಿ, ತೆರೆಯಲಾಗದು' ಅನ್ನೋ ಸಂದೇಶ ಬರುತ್ತದೆ, ಹೀಗೆ ದಿಢೀರ್ ಅಂತ ಮುಚ್ಚಿಹೋಗುವುದಿಲ್ಲ. ನಿಮ್ಮದು 01 ಇರಬೇಕು ಅಂತ ನನ್ನ ಊಹೆ.

01 ಇದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ಫೈಲ್ ತೆರೆಯಿರಿ, ಪೂರ್ತಿ ತೆರೆಯುವವರೆಗೂ ಬೆರಳು ತೆಗೆಯಬೇಡಿ. ಮೇಲೆ ಹಳದಿ ಪಟ್ಟಿ ಬಂದು ಎನೇಬಲ್ ಕಂಟೆಂಟ್ ಕೇಳಿದರೆ ಸದ್ಯಕ್ಕೆ ಒತ್ತಲೇಬೇಡಿ. ಶಿಫ್ಟ್ ಹಿಡಿದರೆ ಫೈಲ್ ತೆರೆದ ಕೂಡಲೇ ತಾನಾಗಿ ಓಡುವ ಆಟೋಎಕ್ಸೆಕ್ ಮ್ಯಾಕ್ರೋ ಮತ್ತು ಶುರುವಿನ ಫಾರ್ಮ್ ಓಡುವುದಿಲ್ಲ. ಹೀಗೆ ತೆರೆದು ನಿಂತಿತು ಅಂದರೆ ಕಳ್ಳ ಕೋಡ್‌ನಲ್ಲೇ ಇದ್ದಾನೆ.

ಆಮೇಲೆ ಆ ಫೈಲ್ ಮುಚ್ಚಿ, ಹೊಸ ಖಾಲಿ ಡೇಟಾಬೇಸ್ ಮಾಡಿ, ಎಕ್ಸ್‌ಟರ್ನಲ್ ಡೇಟಾ ಟ್ಯಾಬ್‌ನಿಂದ ಹಳೆಯ ಫೈಲ್ ಆರಿಸಿ ಟೇಬಲ್‌ಗಳನ್ನು ಮಾತ್ರ ಇಂಪೋರ್ಟ್ ಮಾಡಿ. ಇಂಪೋರ್ಟ್ ಮಾಡುವಾಗ ಹಳೆಯ ಫೈಲ್‌ನ ಶುರುವಿನ ಕೋಡ್ ಓಡುವುದೇ ಇಲ್ಲ, ಅದಕ್ಕೇ ತೆರೆಯಲಾಗದ ಫೈಲ್‌ನಿಂದಲೂ ಟೇಬಲ್‌ಗಳು ಬರುತ್ತವೆ. ಎಲ್ಲ ಬಂದು ಒಂದೇ ಒಂದು ಟೇಬಲ್‌ನಲ್ಲಿ ನಿಂತುಹೋದರೆ ಅದರಲ್ಲಿ ಯಾವುದೋ ಸಾಲು ಕೆಟ್ಟಿದೆ, ಹೆಚ್ಚಾಗಿ ಉದ್ದ ಬರಹ ಇಡುವ ಮೆಮೊ ಫೀಲ್ಡ್ ಇರುವ ಟೇಬಲ್ಲೇ ಆಗಿರುತ್ತದೆ. ಅದನ್ನು ಇಂಪೋರ್ಟ್ ಬದಲು ಲಿಂಕ್ ಮಾಡಿಕೊಂಡು, ಐಡಿ 1ರಿಂದ 5000, 5001ರಿಂದ 10000 ಹೀಗೆ ತುಂಡು ತುಂಡಾಗಿ ಅಪೆಂಡ್ ಕ್ವೆರಿಯಲ್ಲಿ (ಸಾಲುಗಳನ್ನು ಬೇರೆ ಟೇಬಲ್‌ಗೆ ಸೇರಿಸುವ ಕ್ವೆರಿ) ಎಳೆಯಿರಿ. ಯಾವ ತುಂಡು ಮುಗ್ಗರಿಸುತ್ತದೋ ಅದನ್ನು ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ. ಕೊನೆಗೆ ಒಂದೆರಡು ಸಾಲು ಉಳಿಯುತ್ತವೆ, ಅವನ್ನು ಬಿಟ್ಟು ಉಳಿದದ್ದೆಲ್ಲ ನಿಮ್ಮ ಕೈಗೆ ಬಂದಿರುತ್ತದೆ. ನಿಧಾನದ ಕೆಲಸ, ಆದರೆ ದುಡ್ಡು ಕೇಳುವ ರಿಕವರಿ ಸಾಫ್ಟ್‌ವೇರ್‌ಗಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ.

ಡೇಟಾ ಸುರಕ್ಷಿತ ಅಂತ ಆದ ಮೇಲೆ ಕೋಡ್ ಕಡೆ ಬನ್ನಿ. ಹೊಸ ಕಂಪ್ಯೂಟರ್ ಅಂದ ತಕ್ಷಣ ನನಗೆ ಮೊದಲು ಅನುಮಾನ ಬರುವುದು 64 ಬಿಟ್ ಮೇಲೆ. ಆಫೀಸ್ 2019ರಿಂದ ಈಚೆಗೆ ಸುಮ್ನೆ ಇನ್‌ಸ್ಟಾಲ್ ಒತ್ತಿದರೆ 64 ಬಿಟ್ ಬರುತ್ತದೆ, ನಿಮ್ಮ ಫೈಲ್ ಬರೆದ ಕಾಲದಲ್ಲಿ ಇದ್ದದ್ದು 32 ಬಿಟ್ ಮಾತ್ರ. ಫೈಲ್, ಅಕೌಂಟ್, ಅಬೌಟ್ ಆಕ್ಸೆಸ್ ಒತ್ತಿದರೆ ಯಾವುದು ಅಂತ ಮೊದಲ ಸಾಲಿನಲ್ಲೇ ಇರುತ್ತದೆ. ಹಳೆಯ ಕೋಡ್‌ನಲ್ಲಿ ವಿಂಡೋಸ್‌ನ ಫಂಕ್ಷನ್ ಕರೆಯುವ ಡಿಕ್ಲೇರ್ ಸಾಲುಗಳಿದ್ದು, 64 ಬಿಟ್‌ಗೆ ಸರಿ ಅಂತ ಗುರುತಿಸುವ ಪಿಟಿಆರ್‌ಸೇಫ್ ಅನ್ನೋ ಪದ ಇಲ್ಲದಿದ್ದರೆ ಕಂಪೈಲ್ (ಕೋಡನ್ನು ಓಡುವ ರೂಪಕ್ಕೆ ತರುವುದು) ದೋಷ ಬರುತ್ತದೆ, ಅದು ವಾಸಿ, ಎಲ್ಲಿ ಅಂತ ಗೊತ್ತಾಗುತ್ತದೆ. ತೊಂದರೆ ಇರುವುದು ಯಾರೋ ಮಧ್ಯದಲ್ಲಿ ಪಿಟಿಆರ್‌ಸೇಫ್ ಮಾತ್ರ ಸೇರಿಸಿ, ಮೆಮೊರಿ ವಿಳಾಸ ಹಿಡಿಯುವ ಲಾಂಗ್ ಅನ್ನೋ ಸಂಖ್ಯೆಯ ಬಗೆಯನ್ನು 64 ಬಿಟ್‌ಗೆ ಸಾಲುವ ಲಾಂಗ್‌ಪಿಟಿಆರ್ ಮಾಡದೆ ಬಿಟ್ಟಾಗ. ಆಗ ಯಾವ ಸಂದೇಶವೂ ಇಲ್ಲದೆ ಆಕ್ಸೆಸ್ ಬೀಳಬಹುದು.

ವಿಬಿಎ ಎಡಿಟರ್‌ನಲ್ಲಿ ಟೂಲ್ಸ್, ರೆಫರೆನ್ಸಸ್ ತೆರೆದು 'ಮಿಸ್ಸಿಂಗ್' ಅಂತ ಏನಾದರೂ ಇದೆಯಾ ನೋಡಿ. ಹಳೆಯ ಕ್ಯಾಲೆಂಡರ್ ಕಂಟ್ರೋಲ್ ಇದ್ದರೆ ಅದನ್ನು ಆಕ್ಸೆಸ್ 2010ರಲ್ಲೇ ತೆಗೆದುಹಾಕಿದ್ದಾರೆ. ಫಾರ್ಮ್‌ನಿಂದ ಅಳಿಸಿ, ಈಗ ದಿನಾಂಕದ ಬಾಕ್ಸ್‌ಗೆ ಕ್ಯಾಲೆಂಡರ್ ತಾನಾಗಿಯೇ ಬರುತ್ತದೆ.

ಹಾಗೆಯೇ ಹಳೆಯ ಕಂಪೈಲ್ ಆದ ಕೋಡ್ ಒಳಗೆ ಕೊಳೆತು ಕೂತಿರುವುದೂ ಉಂಟು. ವಿಂಡೋಸ್‌ನ ರನ್ ಬಾಕ್ಸ್‌ನಲ್ಲಿ ಆಕ್ಸೆಸ್‌ನ ಇಎಕ್ಸ್‌ಇ ಹೆಸರು (msaccess.exe), ಕಾಪಿ ಇರುವ ಪೂರ್ತಿ ಪಾತ್, ಕೊನೆಗೆ ಒಂದು ಓರೆಗೆರೆ ಹಾಕಿ ಡಿಕಂಪೈಲ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಶಿಫ್ಟ್ ಹಿಡಿದುಕೊಂಡೇ ಎಂಟರ್ ಒತ್ತಿ. ನೀವು ಬರೆದ ಕೋಡ್ ಹಾಗೇ ಇರುತ್ತದೆ, ಕಂಪೈಲ್ ಆದ ಭಾಗ ಮಾತ್ರ ಹೋಗುತ್ತದೆ. ಆಮೇಲೆ ಕಾಂಪ್ಯಾಕ್ಟ್ ಮಾಡಿ, ಡೀಬಗ್ ಮೆನುವಿನಲ್ಲಿ ಕಂಪೈಲ್ ಒತ್ತಿ.

ಇಷ್ಟಾದರೂ ಬಿದ್ದರೆ ವಿಂಡೋಸ್ ದೋಷಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ವಿಭಾಗದಲ್ಲಿ ಕೆಂಪು ಗುರುತಿನ ಸಾಲು ತೆರೆದು 'ಫಾಲ್ಟಿಂಗ್ ಮಾಡ್ಯೂಲ್ ನೇಮ್' ಓದಿ. ವಿಬಿಇ7 ಇದ್ದರೆ ಕೋಡ್ ಕಡೆ, ಎಸಿಇಕೋರ್ ಇದ್ದರೆ ಟೇಬಲ್ ಕಡೆ ಹುಡುಕಿ. ಪ್ರಿಂಟರ್ ಡ್ರೈವರ್ ಹೆಸರು ಕಂಡರೆ ಡೀಫಾಲ್ಟ್ ಪ್ರಿಂಟರನ್ನು ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್‌ಗೆ ಬದಲಿಸಿ ನೋಡಿ. ಆ ಸಾಲನ್ನು ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ.

ಫೈಲ್ ಎಂಡಿಬಿ ಅಲ್ಲದೆ ಎಂಡಿಇ (ಕಂಪೈಲ್ ಮಾಡಿ ಕೊಟ್ಟ ಫೈಲ್) ಆಗಿದ್ದರೆ ಮಾತ್ರ ಕಥೆ ಬೇರೆ. ಅದರಲ್ಲಿ ಮೂಲ ಕೋಡ್ ಇರುವುದಿಲ್ಲ, 64 ಬಿಟ್‌ನಲ್ಲಿ ತೆರೆಯುವುದೂ ಇಲ್ಲ. ಬರೆದುಕೊಟ್ಟವರ ಹತ್ತಿರ ಮೂಲ ಎಂಡಿಬಿ ಕೇಳಿ, ಸಿಗದಿದ್ದರೆ 64 ಬಿಟ್ ಆಫೀಸ್ ತೆಗೆದು 32 ಬಿಟ್ ಹಾಕಿ ಪ್ರಯತ್ನಿಸಿ. ಎರಡನ್ನೂ ಒಟ್ಟಿಗೆ ಇಡಲು ಆಗುವುದಿಲ್ಲ.

ಕೊನೆಗೆ, ಹೊಸ ಫೈಲ್ ಬಳಸಲು ಶುರು ಮಾಡುವ ಮುಂಚೆ ಪ್ರತಿ ಟೇಬಲ್‌ನ ಸಾಲುಗಳ ಸಂಖ್ಯೆಯನ್ನು ಹಳೆಯದರ ಜೊತೆ ತಾಳೆ ನೋಡಿ. ಹಳೆಯ ಮೂಲ ಫೈಲ್‌ಗೆ ರೀಡ್ ಓನ್ಲಿ ಹಾಕಿ ಬೇರೆ ಡಿಸ್ಕ್‌ನಲ್ಲಿ ಇಟ್ಟುಬಿಡಿ, ಅಳಿಸಬೇಡಿ.